ರಾಜೀನಾಮೆಗೆ ಯಾರ ರಾಜಿ?

‘ರಾಜೀನಾಮೆ’ ಎಂಬ ಮಾತು ಅರಬ್ಬಿ-ಪಾರಸಿ ಮೂಲದಿಂದ ಕನ್ನಡಕ್ಕೆ ಬಂದು ನೆಲೆಸಿದುದು. ರಾಜಿ ಎಂದರೆ ಒಪ್ಪಿಗೆ. ನಾಮಾ ಎಂದರೆ ಬರೆಹ. ಒಪ್ಪಿಗೆಯ ಪತ್ರವೆಂಬುದೇ ಅದರ ಮೂಲಾರ್ಥ. ಧಾರವಾಡ, ಬೆಳಗಾವಿ ಜಿಲ್ಲೆಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, ಸಾಗುವಳಿದಾರನು ತನ್ನ ಜಮೀನಿನ ಹಕ್ಕನ್ನು ಬಿಟ್ಟುಕೊಡುವಾಗ ಸರ್ಕಾರಕ್ಕೆ ಬರೆದುಕೊಡುತ್ತಿದ್ದ ಕಾಗದಕ್ಕೆ ಆ ಪ್ರಾಂತದ ಕಂದಾಯ ದಫ್ತರಗಳಲ್ಲಿ ರಾಜೀನಾಮೆಯೆಂದು ಹೆಸರು. ಅದೇ ಜಮೀನನ್ನು ವಹಿಸಿಕೊಳ್ಳುವವನು ಬರೆದುಕೊಡುತ್ತಿದ್ದುದು ಕಬೂಲಾಯತಿ. ಹೊಲ ಬಿಡುವವನ ಕಾಗದದ ಹೆಸರು ಇಂದು ಕೆಲಸ ಬಿಡುವವನ ಕಾಗದಕ್ಕೆ ಉಳಿದಿದೆ. ಆದರೆ ಆ ಮಾತಿನೊಳಗಿನ ಪ್ರಶ್ನೆ ಮಾತ್ರ ಇನ್ನೂ ಜೀವಂತವಾಗಿದೆ: ಒಪ್ಪಿಗೆ ಯಾರದು? ಬಿಟ್ಟು ಹೋಗುವವನದೇ, ಬಿಟ್ಟುಕೊಡಬೇಕಾದವನದೇ?

ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಇದು ಪಂಡಿತರ ಚರ್ಚೆಯ ವಿಷಯವಾಗಿ ಉಳಿದಿಲ್ಲ. ರಾತ್ರಿಯ ನಿದ್ದೆಯನ್ನು ಕೆಡಿಸುವ ಸಮಸ್ಯೆಯಾಗಿದೆ. ಮಗನಿಗೋ ಸೊಸೆಗೋ ಹೆಚ್ಚಿನ ಸಂಬಳದ ಹೊಸ ಕೆಲಸ ದೊರೆತಿರುತ್ತದೆ. ಹೊಸ ಕಂಪನಿಯವರು ಮೂವತ್ತು ದಿನಗಳೊಳಗೆ ಬರಬೇಕೆನ್ನುತ್ತಾರೆ. ಹಳೆಯ ಕಂಪನಿಯವರು ತೊಂಬತ್ತು ದಿನ ಕಳೆಯದೆ ಬಿಡಲಾರೆವೆನ್ನುತ್ತಾರೆ. ನಡುವೆ ಎಚ್.ಆರ್. ವಿಭಾಗದಿಂದ ಒಂದು ಸಾಲಿನ ಉತ್ತರ ಬರುತ್ತದೆ: “ತಮ್ಮ ರಾಜೀನಾಮೆಯನ್ನು ಅಂಗೀಕರಿಸಲಾಗಿಲ್ಲ.” ಮನೆಯ ಸಾಲದ ಕಂತು, ಮಕ್ಕಳ ಶಾಲೆಯ ಶುಲ್ಕ ಇವೆಲ್ಲವನ್ನೂ ಹೊಸ ಸಂಬಳದ ಲೆಕ್ಕದಲ್ಲಿ ಎಣಿಸಿಕೊಂಡಿದ್ದ ಸಂಸಾರವು ಆ ಒಂದು ಸಾಲನ್ನು ಓದಿ ತಲ್ಲಣಿಸುತ್ತದೆ. ಅಂಗೀಕರಿಸದಿದ್ದರೆ ಕೆಲಸ ಬಿಡುವಂತೆಯೇ ಇಲ್ಲವೇ? ಸಂಬಳ, ಪ್ರಾವಿಡೆಂಟ್ ಫಂಡು, ಸರ್ಟಿಫಿಕೇಟುಗಳು ಕೈತಪ್ಪಿ ಹೋಗುವುವೇ?

ಈ ಭಯದಲ್ಲಿ ಅರ್ಧದಷ್ಟು ಅಜ್ಞಾನದಿಂದ ಹುಟ್ಟಿದ್ದು. ಖಾಸಗಿ ನೌಕರಿಯ ಮಟ್ಟಿಗೆ ಕಾನೂನಿನ ನಿಲುವು ಬಹುಮಟ್ಟಿಗೆ ಸ್ಪಷ್ಟವಾಗಿದೆ. ನೋಟೀಸಿನ ಅವಧಿಯೆಂಬುದು ಹಣಕ್ಕೂ ಹೊಣೆಗೂ ಸಂಬಂಧಿಸಿದ ಕರಾರು. ಮನುಷ್ಯನನ್ನು ಕಟ್ಟಿಹಾಕುವ ಹಗ್ಗವಲ್ಲ. ಕಂಪನಿಯು ಲೆಕ್ಕ ಕೇಳಬಹುದು, ನಷ್ಟ ಕೇಳಬಹುದು, ಮನುಷ್ಯನನ್ನೇ ಕೇಳುವಂತಿಲ್ಲ. ಈ ಸ್ಥಿತಿ ಸುಲಭವಾಗಿ ಬಂದುದಲ್ಲವೆಂಬುದಕ್ಕೆ ಇತಿಹಾಸವೇ ಸಾಕ್ಷಿ.

ಕೆಲಸ ಬಿಟ್ಟರೆ ಸೆರೆಮನೆ

ಕೆಲಸವನ್ನು ಅರ್ಧದಲ್ಲಿ ಬಿಟ್ಟು ಹೋಗುವುದೇ ಅಪರಾಧವಾಗಿದ್ದ ಕಾಲವೊಂದಿತ್ತು. ಬ್ರಿಟಿಷ್ ಸರ್ಕಾರ 1859ರಲ್ಲಿ ಜಾರಿಗೆ ತಂದ ಹದಿಮೂರನೆಯ ಕಾಯಿದೆ ಕರಾರು ಮುರಿದ ಕೆಲಸಗಾರರನ್ನು ಕುರಿತದ್ದು. ಮುಂಗಡ ಹಣ ಪಡೆದ ಕೆಲಸಗಾರನು ಒಪ್ಪಿಕೊಂಡ ಕೆಲಸವನ್ನು ಮಾಡದೆ ಹೋದರೆ, ಮಾಲೀಕನು ಮ್ಯಾಜಿಸ್ಟ್ರೇಟರ ಬಳಿ ಫಿರ್ಯಾದು ಕೊಡಬಹುದಾಗಿತ್ತು. ಹಣ ಹಿಂತಿರುಗಿಸು, ಇಲ್ಲವೇ ಹೋಗಿ ಕೆಲಸ ಮಾಡು ಎಂದು ಮ್ಯಾಜಿಸ್ಟ್ರೇಟರು ಆಜ್ಞೆ ಮಾಡುತ್ತಿದ್ದರು. ಮಾಡದಿದ್ದವನಿಗೆ ಮೂರು ತಿಂಗಳವರೆಗೆ ಸೆರೆಮನೆ. ಮಾಲೀಕನು ಕರಾರು ಮುರಿದರೆ ಅವನಿಗೆ ಅಂಥ ಶಿಕ್ಷೆಯಿರಲಿಲ್ಲ.

ತೋಟಗಳ ಸೀಮೆಯಲ್ಲಿ ಈ ಕಾಯಿದೆ ಮಾಲೀಕರ ಕೈಯಲ್ಲಿನ ಚಾಟಿಯಾಗಿತ್ತು. ಬಡತನದ ದಿನಗಳಲ್ಲಿ ಪಡೆದ ಕೆಲವೇ ರೂಪಾಯಿಗಳ ಮುಂಗಡವು ಆಳನ್ನು ತೋಟಕ್ಕೆ ಬಿಗಿದು ಕಟ್ಟುತ್ತಿತ್ತು. 1925ರಲ್ಲಿ ಅಂಗೀಕೃತವಾದ ಶಾಸನವೊಂದರಿಂದ ಈ ಕಾಯಿದೆ ರದ್ದಾಯಿತಾದರೂ, ಕೊಡಗಿನಲ್ಲಿ 1926ರಲ್ಲಿ ಪ್ರತ್ಯೇಕವಾದ ಕೂಲಿ ಕಾಯಿದೆಯೊಂದು ಬಂದಿತು. ದಂಡನೆಯ ಅಂಶ ಅಲ್ಲಿ ಇನ್ನೂ ಕೆಲವು ವರ್ಷ ಉಳಿದುಕೊಂಡಿತು. ಸ್ವಾತಂತ್ರ್ಯಾನಂತರ, 1950ರಲ್ಲಿ ಜಾರಿಗೆ ಬಂದ ಸಂವಿಧಾನದ 23ನೆಯ ವಿಧಿ ಬಲವಂತದ ದುಡಿಮೆಯನ್ನು ನಿಷೇಧಿಸಿತು. 1976ರಲ್ಲಿ ಜೀತಪದ್ಧತಿಯ ನಿರ್ಮೂಲನದ ಕಾಯಿದೆ ಬಂದಿತು. ಸಾಲವಿದೆಯೆಂಬ ಕಾರಣಕ್ಕಾಗಲಿ, ಕರಾರಿದೆಯೆಂಬ ಕಾರಣಕ್ಕಾಗಲಿ ಒಬ್ಬನನ್ನು ಅವನ ಇಚ್ಛೆಗೆ ವಿರುದ್ಧವಾಗಿ ದುಡಿಸಲಾಗದೆಂಬ ತತ್ತ್ವ ಹೀಗೆ ಈ ನೆಲದ ಮೂಲಶಾಸನದಲ್ಲಿಯೇ ನೆಲೆಗೊಂಡಿತು. ಹವಾನಿಯಂತ್ರಿತ ಕಚೇರಿಯಲ್ಲಿ ಕುಳಿತು ಕಂಪ್ಯೂಟರಿನ ಮುಂದೆ ದುಡಿಯುವವನಿಗೆ ಕಾಫಿ ತೋಟದ ಆಳಿನ ಕಥೆ ದೂರದ್ದೆಂದು ತೋರಬಹುದು. ಆದರೆ ಅವನು ಇಂದು ಅನುಭವಿಸುತ್ತಿರುವ ಸ್ವಾತಂತ್ರ್ಯವು ಆ ಆಳಿನ ಕಷ್ಟದಿಂದಲೇ ಹುಟ್ಟಿ ಬಂದುದು.

ಹಾಡೆಂದು ಆಜ್ಞಾಪಿಸಲಾಗದು

ಸಿವಿಲ್ ನ್ಯಾಯಾಲಯವು ನೌಕರನನ್ನು ಕೆಲಸಕ್ಕೆ ಹೋಗೆಂದು ಆಜ್ಞಾಪಿಸಬಹುದೇ ಎಂಬ ಪ್ರಶ್ನೆಗೆ ಪ್ರಸಿದ್ಧವಾದ ಉತ್ತರವೊಂದು ಲಂಡನ್ನಿನ ನಾಟಕಶಾಲೆಯ ಜಗಳದಿಂದ ಬಂದಿತು. ಸಂಗೀತಕಾರ ರಿಚರ್ಡ್ ವಾಗ್ನರನ ಸೋದರನ ಮಗಳಾಗಿ ಬೆಳೆದ ಯೊಹಾನಾ ವಾಗ್ನರ್ ಆ ಕಾಲದ ಹೆಸರಾಂತ ಗಾಯಕಿ. 1852ರಲ್ಲಿ ಮೂರು ತಿಂಗಳ ಕಾಲ, ವಾರಕ್ಕೆ ಎರಡು ರಾತ್ರಿ, ಬೆಂಜಮಿನ್ ಲಮ್ಲೀ ಎಂಬಾತನ ರಂಗಮಂದಿರದಲ್ಲಿ ಹಾಡಲು ಆಕೆ ಒಪ್ಪಿಕೊಂಡಿದ್ದಳು. ಅಷ್ಟರಲ್ಲಿ ಕಾವೆಂಟ್ ಗಾರ್ಡನ್ ರಂಗಮಂದಿರದ ಫ್ರೆಡರಿಕ್ ಗೈ ಹೆಚ್ಚಿನ ಹಣದ ಆಸೆ ತೋರಿಸಿದ. ಗಾಯಕಿಯ ಮನಸ್ಸು ಆ ಕಡೆ ತಿರುಗಿತು. ಲಮ್ಲೀ ನ್ಯಾಯಾಲಯದ ಮೊರೆ ಹೊಕ್ಕ.

ನ್ಯಾಯಮೂರ್ತಿ ಲಾರ್ಡ್ ಸೇಂಟ್ ಲಿಯೊನಾರ್ಡ್ಸ್ ಅವರ ತೀರ್ಮಾನ ಇಂದಿಗೂ ಕಾನೂನು ವಿದ್ಯಾರ್ಥಿಗಳ ಪಾಠ. ಗಾಯಕಿಯನ್ನು ಹಾಡುವಂತೆ ಬಲವಂತಪಡಿಸುವ ಶಕ್ತಿ ನ್ಯಾಯಾಲಯಕ್ಕಿಲ್ಲ. ಆದರೆ ಆ ಮೂರು ತಿಂಗಳು ಬೇರೆಲ್ಲಿಯೂ ಹಾಡುವುದಿಲ್ಲವೆಂದು ಆಕೆ ಮಾತು ಕೊಟ್ಟಿರುವುದರಿಂದ, ಬೇರೆಡೆ ಹಾಡಕೂಡದೆಂದು ತಡೆಯಬಹುದು. ಮನಸ್ಸಿಲ್ಲದವಳ ಕಂಠದಿಂದ ಸಂಗೀತ ಹೊರಡಿಸುವ ವಿದ್ಯೆ ಯಾವ ನ್ಯಾಯಾಧೀಶನಿಗೂ ತಿಳಿದಿಲ್ಲವೆಂಬುದು ಈ ತೀರ್ಪಿನ ಮೊದಲರ್ಧದ ತಿರುಳು.

ಭಾರತದ ಶಾಸನವೂ ಇದೇ ಹಾದಿಯನ್ನು ಹಿಡಿದಿದೆ. ವ್ಯಕ್ತಿಯ ಸ್ವಂತ ಯೋಗ್ಯತೆಯನ್ನು ಅವಲಂಬಿಸಿದ ಸೇವೆಯ ಕರಾರನ್ನು ಬಲವಂತವಾಗಿ ಜಾರಿಗೊಳಿಸಲಾಗದೆಂದು 1963ರ ನಿರ್ದಿಷ್ಟ ಪರಿಹಾರ ಕಾಯಿದೆಯ 14ನೆಯ ಕಲಮು ಹೇಳುತ್ತದೆ. ಹೀಗೆ ಜಾರಿಗೊಳಿಸಲಾಗದ ಕರಾರಿನ ಭಂಗವನ್ನು ತಡೆಯಲು ಸಾಮಾನ್ಯವಾಗಿ ತಡೆಯಾಜ್ಞೆಯನ್ನೂ ಕೊಡಲಾಗದೆಂದು 41ನೆಯ ಕಲಮು ಸೇರಿಸುತ್ತದೆ. ತೊಂಬತ್ತು ದಿನಗಳ ನೋಟೀಸಿನಲ್ಲಿ ಮೂವತ್ತು ದಿನ ಕಳೆದು ಹೊರಟುಹೋದ ನೌಕರನನ್ನು ಉಳಿದ ಅರವತ್ತು ದಿನ ತಂದು ಕೂರಿಸಿರೆಂದು ಯಾವ ಕಂಪನಿಯೂ ನ್ಯಾಯಾಲಯವನ್ನು ಕೇಳುವಂತಿಲ್ಲ.

2018ರಲ್ಲಿ ವಿಮಾನ ಸಂಸ್ಥೆಯೊಂದರ ನೌಕರನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇದೇ ಮಾತನ್ನು ಇನ್ನಷ್ಟು ನೇರವಾಗಿ ಹೇಳಿತು. ರಾಜೀನಾಮೆ ಕೊಡುವುದು ನೌಕರನ ಹಕ್ಕು. ನೇಮಕದ ಷರತ್ತುಗಳಲ್ಲಿ ಅಥವಾ ನಿಯಮಗಳಲ್ಲಿ ಬೇರೆ ಏರ್ಪಾಡಿಲ್ಲದಿದ್ದರೆ, ಶಿಸ್ತಿನ ವಿಚಾರಣೆಯೂ ಬಾಕಿಯಿಲ್ಲದಿದ್ದರೆ, ಮನಸ್ಸಿಲ್ಲದವನನ್ನು ಸೇವೆಯಲ್ಲಿ ಉಳಿಸಿಕೊಳ್ಳಲಾಗದು ಎಂಬುದು ಅದರ ಸಾರ. ಇಲ್ಲಿ ಹೇಳಿರುವ ಎರಡು ಅಪವಾದಗಳನ್ನು ಮರೆಯಕೂಡದು. ವಿಚಾರಣೆಯನ್ನು ಎದುರಿಸುತ್ತಿರುವವನು ರಾಜೀನಾಮೆಯ ಬಾಗಿಲಿನಿಂದ ತಪ್ಪಿಸಿಕೊಳ್ಳುವುದನ್ನು ಈ ಹಕ್ಕು ರಕ್ಷಿಸುವುದಿಲ್ಲ.

ನೋಟೀಸು ಏತಕ್ಕೆ, ಎಷ್ಟು?

ಹಾಗೆಂದು ನೋಟೀಸಿನ ಅವಧಿಯೇ ಅನ್ಯಾಯವೆಂದು ತಿಳಿಯುವುದು ಸರಿಯಲ್ಲ. ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸಲು, ಬದಲಿಗೆ ಜನರನ್ನು ಹುಡುಕಲು, ಲೆಕ್ಕಪತ್ರಗಳನ್ನು ತಿಳಿಸಿಕೊಡಲು ಕಾಲಾವಕಾಶ ಬೇಕೇ ಬೇಕು. ಆಸ್ಪತ್ರೆಯ ದಾದಿ ಹೇಳದೆ ಕೇಳದೆ ಮಾಯವಾದರೆ ರೋಗಿ ನರಳುತ್ತಾನೆ. ಶಾಲೆಯ ಉಪಾಧ್ಯಾಯ ನಡುವರ್ಷದಲ್ಲಿ ಹೊರಟುಹೋದರೆ ಮಕ್ಕಳ ಪಾಠ ನಿಲ್ಲುತ್ತದೆ. ವಿಮಾನ ಚಾಲಕರ ವಿಷಯದಲ್ಲಿಯಂತೂ ನಾಗರಿಕ ವಿಮಾನಯಾನದ ಮಹಾನಿರ್ದೇಶನಾಲಯವು 2017ರಲ್ಲಿ ಮುಖ್ಯ ಚಾಲಕರಿಗೆ ಒಂದು ವರ್ಷ, ಸಹಚಾಲಕರಿಗೆ ಆರು ತಿಂಗಳ ನೋಟೀಸನ್ನು ಗೊತ್ತುಪಡಿಸಿತು.

ಎಷ್ಟು ದಿನದ ನೋಟೀಸು ನ್ಯಾಯವೆಂಬುದರಲ್ಲಿ ದೇಶದಿಂದ ದೇಶಕ್ಕೆ ವ್ಯತ್ಯಾಸವಿದೆ. ಇಂಗ್ಲೆಂಡಿನಲ್ಲಿ ಒಂದು ತಿಂಗಳು ಸೇವೆ ಸಲ್ಲಿಸಿದ ನೌಕರನು ಕನಿಷ್ಠ ಒಂದು ವಾರದ ನೋಟೀಸು ಕೊಡಬೇಕೆಂದು 1996ರ ಕಾನೂನು ವಿಧಿಸಿದೆ. ಕರಾರಿನಲ್ಲಿ ಹೆಚ್ಚು ಬರೆದಿದ್ದರೆ ಅದು ಬೇರೆ. ಜರ್ಮನಿಯಲ್ಲಿ ಕಾನೂನಿನ ಮೂಲ ಅವಧಿ ನಾಲ್ಕು ವಾರ. ಅಮೆರಿಕದಲ್ಲಿ ಬಹುಪಾಲು ನೌಕರರಿಗೆ ನೋಟೀಸಿನ ಕಡ್ಡಾಯವೇ ಇಲ್ಲ. ಎರಡು ವಾರ ಮುಂಚಿತವಾಗಿ ತಿಳಿಸುವುದು ಅಲ್ಲಿಯ ಸಂಪ್ರದಾಯ ಮಾತ್ರ. ಭಾರತದ ಕಾರ್ಖಾನೆಗಳಲ್ಲಿ ತಿಂಗಳ ಸಂಬಳದವರಿಗೆ ಒಂದು ತಿಂಗಳೆಂಬುದು ಹಳೆಯ ರೂಢಿ. ತಂತ್ರಾಂಶ ಕಂಪನಿಗಳು ಬೆಳೆದಂತೆ ಅದು ಎರಡಾಗಿ, ಹಲವೆಡೆ ಮೂರಾಯಿತು. ಇದು ಯಾವ ಶಾಸನವೂ ವಿಧಿಸಿದ ಅವಧಿಯಲ್ಲ. ನೇಮಕದ ಪತ್ರದಲ್ಲಿ ಕಂಪನಿ ಬರೆದುದು, ಕೆಲಸ ಸಿಕ್ಕ ಸಂತೋಷದಲ್ಲಿ ತರುಣನು ಓದದೆ ರುಜು ಹಾಕಿದುದು.

ರುಜು ಹಾಕಿದ ಮೇಲೆ ಕರಾರು ಕರಾರೇ. ಅದನ್ನು ಮುರಿದವನು ಅದರ ಬೆಲೆಯನ್ನು ತೆರಬೇಕು. ಆ ಬೆಲೆಯೆಷ್ಟೆಂಬುದನ್ನು ಉದಾಹರಣೆಯಿಂದ ತಿಳಿಯಬಹುದು. ತಿಂಗಳಿಗೆ 60,000 ರೂಪಾಯಿ ಸಂಬಳದ ಒಬ್ಬ ನೌಕರನಿಗೆ ತೊಂಬತ್ತು ದಿನಗಳ ನೋಟೀಸಿದೆಯೆನ್ನೋಣ. ಮೂವತ್ತು ದಿನ ದುಡಿದು ಹೊರಟರೆ ಉಳಿದದ್ದು ಅರವತ್ತು ದಿನ. ನೇಮಕದ ಪತ್ರದಲ್ಲಿ ಒಟ್ಟು ಸಂಬಳದ ಲೆಕ್ಕವಿದ್ದರೆ ಅವನು ಕೊಡಬೇಕಾದುದು 1,20,000 ರೂಪಾಯಿ. ಮೂಲವೇತನದ ಲೆಕ್ಕವಿದ್ದು, ಅದು ಸಂಬಳದ ಅರ್ಧದಷ್ಟಿದ್ದರೆ, 60,000 ರೂಪಾಯಿ. ಒಂದು ಪದದ ವ್ಯತ್ಯಾಸದಿಂದ ಇಡೀ ತಿಂಗಳ ಸಂಬಳ ಉಳಿಯುತ್ತದೆ ಅಥವಾ ಹೋಗುತ್ತದೆ. ಹೊಸ ಕಂಪನಿಯೇ ಈ ಹಣವನ್ನು ತುಂಬಿಕೊಡುವ ಪದ್ಧತಿಯೂ ಹಲವೆಡೆ ಇದೆ. ಹೀಗೆ ವಸೂಲಾದ ನೋಟೀಸಿನ ಹಣದ ಮೇಲೆ ಸರಕು ಮತ್ತು ಸೇವಾ ತೆರಿಗೆ ಬರುವುದಿಲ್ಲವೆಂದು ಕೇಂದ್ರ ತೆರಿಗೆ ಮಂಡಲಿ 2022ರ ಆಗಸ್ಟಿನಲ್ಲಿ ಸ್ಪಷ್ಟಪಡಿಸಿತು.

ಇಷ್ಟಾಗಿಯೂ ಕಂಪನಿಯು ಬಾಯಿಗೆ ಬಂದಷ್ಟು ಕೇಳುವಂತಿಲ್ಲ. 1872ರ ಕರಾರು ಕಾಯಿದೆಯ 74ನೆಯ ಕಲಮಿನ ಪ್ರಕಾರ, ಕರಾರಿನಲ್ಲಿ ಎಷ್ಟೇ ದೊಡ್ಡ ಮೊತ್ತ ಬರೆದಿದ್ದರೂ ನ್ಯಾಯಾಲಯವು ಕೊಡಿಸುವುದು ಆ ಮೊತ್ತವನ್ನು ಮೀರದಂತೆ ನ್ಯಾಯವೆನಿಸುವ ಪರಿಹಾರವನ್ನು ಮಾತ್ರ. ಹೆದರಿಸಲೆಂದು ಬರೆದ ಅಂಕಿ ನ್ಯಾಯಾಲಯದ ಮುಂದೆ ಕರಗುತ್ತದೆ.

ಎಚ್.ಆರ್. ವಿಭಾಗದ ಎಲ್ಲೆ

ಈಗ ಎಲ್ಲರೂ ಅಂಜುವ ಆ ವಿಭಾಗದ ಹುಟ್ಟನ್ನು ನೋಡಿದರೆ ವಿಸ್ಮಯವಾಗದಿರದು. ಹಿಂದೆ ಗಿರಣಿಗಳಲ್ಲಿ ಆಳುಗಳನ್ನು ನೇಮಿಸುವುದೂ ತೆಗೆಯುವುದೂ ಮೇಸ್ತ್ರಿಗಳ ಕೈಯಲ್ಲಿತ್ತು; ಅವರಿಗೆ ಲಂಚವಿಲ್ಲದೆ ಕೆಲಸವಿರಲಿಲ್ಲ. ಈ ಪಿಡುಗನ್ನು ತಪ್ಪಿಸಲು ಕಾರ್ಮಿಕ ಅಧಿಕಾರಿಗಳನ್ನು ನೇಮಿಸಬೇಕೆಂದು 1931ರಲ್ಲಿ ಕಾರ್ಮಿಕರನ್ನು ಕುರಿತ ರಾಜಾಯೋಗ ಸಲಹೆ ಮಾಡಿತು. ಐನೂರು ಅಥವಾ ಹೆಚ್ಚು ಕೆಲಸಗಾರರಿರುವ ಕಾರ್ಖಾನೆಗಳಲ್ಲಿ ಕ್ಷೇಮಾಧಿಕಾರಿಯಿರಬೇಕೆಂದು 1948ರ ಕಾರ್ಖಾನೆಗಳ ಕಾಯಿದೆ ವಿಧಿಸಿತು. ಮುಂದೆ ಸಿಬ್ಬಂದಿ ವಿಭಾಗ ಬಂದಿತು. ಅದೇ ಕಾಲಕ್ರಮದಲ್ಲಿ ಮಾನವ ಸಂಪನ್ಮೂಲ ವಿಭಾಗವೆಂಬ ಹೆಸರನ್ನು ತಳೆಯಿತು. ನೌಕರನನ್ನು ಮೇಸ್ತ್ರಿಯ ದಬ್ಬಾಳಿಕೆಯಿಂದ ಕಾಪಾಡಲು ಹುಟ್ಟಿದ ಪೀಠದಿಂದಲೇ ಇಂದು ಕೆಲವೆಡೆ ನೌಕರನಿಗೆ ಬೆದರಿಕೆಯ ಕಾಗದಗಳು ಬರುತ್ತಿರುವುದು ಕಾಲದ ವಿಪರ್ಯಾಸ.

ಆ ವಿಭಾಗಕ್ಕೆ ನ್ಯಾಯವಾಗಿ ಸಲ್ಲುವ ಅಧಿಕಾರಗಳಿವೆ. ರಾಜೀನಾಮೆಯ ದಿನಾಂಕವನ್ನು ದಾಖಲಿಸುವುದು, ಕೊನೆಯ ದಿನವನ್ನು ನೇಮಕದ ಪತ್ರದ ಪ್ರಕಾರ ಎಣಿಸುವುದು, ಉಳಿದ ದಿನಗಳ ಹಣವನ್ನು ಲೆಕ್ಕ ಹಾಕುವುದು, ಕಂಪ್ಯೂಟರು, ಗುರುತಿನ ಚೀಟಿ, ಕಡತಗಳನ್ನು ಹಿಂದಕ್ಕೆ ಪಡೆಯುವುದು, ಅವಧಿಯನ್ನು ಕಡಮೆ ಮಾಡಲು ಒಪ್ಪುವುದು ಅಥವಾ ಒಪ್ಪದಿರುವುದು ಇವೆಲ್ಲ ಅದರ ಕಾರ್ಯಕ್ಷೇತ್ರ. ಈ ಎಲ್ಲೆಯ ಆಚೆ ಅದು ಕಾಲಿಟ್ಟಾಗ ಅದರ ಮಾತಿಗೆ ಕಾಗದದ ಬೆಲೆಯಷ್ಟೇ.

ಮೊದಲನೆಯದಾಗಿ ಸಂಬಳ. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ, ರಾಜೀನಾಮೆ ಕೊಟ್ಟವನಿಗೂ ಬರಬೇಕಾದ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡತಕ್ಕದ್ದು. ಹಿಂದಿನ 1936ರ ಕಾಯಿದೆಯಲ್ಲಿ ಈ ತ್ವರೆಯ ರಕ್ಷಣೆ ಮಾಲೀಕನೇ ಕೆಲಸದಿಂದ ತೆಗೆದವರಿಗೆ ಮಾತ್ರವಿತ್ತು. ಒಂದೂವರೆ ತಿಂಗಳು, ಎರಡು ತಿಂಗಳು ಅಂತಿಮ ಲೆಕ್ಕವನ್ನು ಎಳೆಯುವ ಪದ್ಧತಿಗೆ ಇನ್ನು ಕಾನೂನಿನ ಆಸರೆಯಿಲ್ಲ.

ಎರಡನೆಯದು ಪ್ರಾವಿಡೆಂಟ್ ಫಂಡು. ಅದು ಕಂಪನಿಯ ಪೆಟ್ಟಿಗೆಯಲ್ಲಿರುವ ಹಣವಲ್ಲ. ನೌಕರನ ಹೆಸರಿನಲ್ಲಿ ನಿಧಿಯಲ್ಲಿರುವ ಹಣ. ಕಂಪನಿಯವರು ಕೆಲಸ ಬಿಟ್ಟ ದಿನಾಂಕವನ್ನು ತುಂಬದೆ ಸತಾಯಿಸುತ್ತಿದ್ದುದನ್ನು ಕಂಡು, ಕೊನೆಯ ಕಂತು ಸಂದಾಯವಾಗಿ ಎರಡು ತಿಂಗಳಾದ ಮೇಲೆ ನೌಕರನೇ ಆ ದಿನಾಂಕವನ್ನು ದಾಖಲಿಸುವ ಸೌಕರ್ಯವನ್ನು ನಿಧಿಯ ಸಂಘಟನೆ 2020ರ ಜನವರಿಯಲ್ಲಿ ಒದಗಿಸಿತು.

ಮೂರನೆಯದು ಗ್ರಾಚ್ಯುಯಿಟಿ. ಐದು ವರ್ಷ ನಿರಂತರವಾಗಿ ದುಡಿದವನಿಗೆ, ಅವನು ರಾಜೀನಾಮೆ ಕೊಟ್ಟು ಹೋದರೂ, ವರ್ಷಕ್ಕೆ ಹದಿನೈದು ದಿನಗಳ ವೇತನದಂತೆ ಸಲ್ಲತಕ್ಕದ್ದೆಂದು 1972ರ ಕಾಯಿದೆ ವಿಧಿಸಿತು. ಈಗ ಅದು ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿದೆ. ಆಸ್ತಿಗೆ ಹಾನಿ, ಹಿಂಸಾಚಾರ, ನೀತಿಬಾಹಿರವಾದ ಅಪರಾಧ ಇಂಥ ಕಾರಣಗಳಿಂದ ವಜಾ ಆದವನ ಗ್ರಾಚ್ಯುಯಿಟಿಯನ್ನು ತಡೆಹಿಡಿಯಬಹುದೇ ಹೊರತು, ನೋಟೀಸಿನ ದಿನಗಳು ಸಾಲದೆಂದು ಅದನ್ನು ಮುಟ್ಟುಗೋಲು ಹಾಕಿಕೊಳ್ಳುವಂತಿಲ್ಲ.

ಕೊನೆಯದಾಗಿ ಕಾಗದಪತ್ರಗಳು. ನೌಕರಿಗೆ ಸೇರುವಾಗ ಮೂಲ ಅಂಕಪಟ್ಟಿಗಳನ್ನು ಒಪ್ಪಿಸಿ ಬರುವ ಅಭ್ಯಾಸವನ್ನು ತಂದೆತಾಯಿಗಳು ತಪ್ಪಿಸಬೇಕು. ನಕಲುಗಳನ್ನು ಕೊಟ್ಟು ಮೂಲವನ್ನು ತೋರಿಸಿ ತಂದರೆ ಸಾಕು. ಪಾಸ್‌ಪೋರ್ಟನ್ನಂತೂ ಯಾವ ಕಂಪನಿಯೂ ಒತ್ತೆಯಿಟ್ಟುಕೊಳ್ಳುವಂತಿಲ್ಲ. 1967ರ ಕಾಯಿದೆಯ ಪ್ರಕಾರ ಅದು ಕೇಂದ್ರ ಸರ್ಕಾರದ ಸ್ವತ್ತು.

ಇವೆಲ್ಲದರ ನಡುವೆ ಎಚ್.ಆರ್. ವಿಭಾಗದ ಕೈಯಲ್ಲಿ ಉಳಿಯುವ ನಿಜವಾದ ಅಸ್ತ್ರ ಒಂದೇ: ಬಿಡುಗಡೆಯ ಪತ್ರ. ರಿಲೀವಿಂಗ್ ಲೆಟರ್ ಇಲ್ಲದೆ ಹೊಸ ಕಂಪನಿಯವರು ಒಳಗೆ ಸೇರಿಸುವುದಿಲ್ಲವೆಂಬ ಭಯವೇ ತರುಣರನ್ನು ತೊಂಬತ್ತು ದಿನ ಕಟ್ಟಿಹಾಕುತ್ತದೆ. ಹೀಗಾಗಿ ಆ ಪತ್ರಕ್ಕೆ ಬಲ ಬಂದಿರುವುದು ಹಳೆಯ ಕಂಪನಿಯ ಅಧಿಕಾರದಿಂದಲ್ಲ, ಹೊಸ ಕಂಪನಿಯ ಹಟದಿಂದ. ಸೇರುವ ಮೊದಲೇ ಹೊಸಬರೊಡನೆ ಈ ವಿಷಯವನ್ನು ಬಿಚ್ಚಿ ಮಾತಾಡಿಕೊಂಡವನಿಗೆ ಅರ್ಧ ಗೆಲವು ದೊರೆತಂತೆಯೇ. ಸಂಬಳದ ಚೀಟಿಗಳು, ಬ್ಯಾಂಕಿನ ಲೆಕ್ಕ, ಪ್ರಾವಿಡೆಂಟ್ ಫಂಡಿನ ಪುಸ್ತಕ, ರಾಜೀನಾಮೆಯ ಪ್ರತಿ ಇವು ಸೇವೆಯನ್ನು ರುಜುವಾತುಪಡಿಸಲು ಬೇಕಾದಷ್ಟಾಯಿತೆಂದು ಒಪ್ಪುವ ಕಂಪನಿಗಳೂ ಇವೆ.

ಮುಚ್ಚಳಿಕೆ ಬರೆದುಕೊಟ್ಟವರು

ನೋಟೀಸಿನ ಅವಧಿಗಿಂತ ಭಾರವಾದುದು ಮುಚ್ಚಳಿಕೆ, ಅಂದರೆ ಬಾಂಡು. ಈ ವಿಷಯದಲ್ಲಿ ಕನ್ನಡನಾಡಿನ ಬ್ಯಾಂಕೊಂದರ ಮೊಕದ್ದಮೆ ಇತ್ತೀಚಿನ ಮಾರ್ಗದರ್ಶಿ. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿ, 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾದ ವಿಜಯಾ ಬ್ಯಾಂಕು, ಮೂರು ವರ್ಷಕ್ಕೆ ಮೊದಲು ಕೆಲಸ ಬಿಟ್ಟರೆ ಎರಡು ಲಕ್ಷ ರೂಪಾಯಿ ತೆರಬೇಕೆಂದು ಅಧಿಕಾರಿಗಳಿಂದ ಮುಚ್ಚಳಿಕೆ ಪಡೆಯುತ್ತಿತ್ತು. 2007ರಲ್ಲಿ ಸೇರಿದ ಅಧಿಕಾರಿಯೊಬ್ಬರು 2009ರಲ್ಲಿ ಬೇರೊಂದು ಬ್ಯಾಂಕಿಗೆ ಹೋಗಲು ರಾಜೀನಾಮೆ ಕೊಟ್ಟರು. ಹಣವನ್ನು ಪ್ರತಿಭಟನೆಯೊಡನೆ ಕಟ್ಟಿ, ಹೈಕೋರ್ಟಿಗೆ ಹೋದರು. ಕರ್ನಾಟಕದ ಹೈಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟಿತು. ಆದರೆ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿತು. ಸಾರ್ವಜನಿಕ ಬ್ಯಾಂಕು ಬಹಿರಂಗವಾಗಿ ಜಾಹೀರಾತು ಕೊಟ್ಟು, ದೀರ್ಘವಾದ ಕ್ರಮದಿಂದ ಅಧಿಕಾರಿಗಳನ್ನು ಆರಿಸಬೇಕಾಗುತ್ತದೆ. ಅವರು ನಡುವೆ ಬಿಟ್ಟರೆ ಆಗುವ ನಷ್ಟಕ್ಕೆ ಈ ಮೊತ್ತ ಹೆಚ್ಚಿನದಲ್ಲ. ರಾಜೀನಾಮೆಯನ್ನೇ ಅಸಾಧ್ಯಗೊಳಿಸುವಷ್ಟು ಅದು ದೊಡ್ಡದೂ ಅಲ್ಲ ಎಂಬುದು ಅದರ ಆಧಾರ.

ಈ ತೀರ್ಪಿನಲ್ಲಿ ಎರಡು ಕಡೆಯವರಿಗೂ ಪಾಠವಿದೆ. ನಿಜವಾದ ಖರ್ಚಿಗೆ ಹೊಂದಿದ ಮುಚ್ಚಳಿಕೆಗೆ ನ್ಯಾಯಾಲಯ ಮನ್ನಣೆ ಕೊಡುತ್ತದೆ. ಕೆಲಸವನ್ನು ಬಿಡಲಾಗದಂತೆ ಉಸಿರುಗಟ್ಟಿಸುವ ಮೊತ್ತಕ್ಕೆ ಅದೇ ಮನ್ನಣೆ ದೊರೆತೀತೆಂದು ಯಾರೂ ಭಾವಿಸಬೇಕಾಗಿಲ್ಲ.

ಹಳೆಯ ಕಂಪನಿಯ ಪ್ರತಿಸ್ಪರ್ಧಿಯ ಬಳಿ ಸೇರಕೂಡದೆಂಬ ಷರತ್ತಿನ ಗತಿಯೇನು? ಲಂಡನ್ನಿನ ಗಾಯಕಿಯ ಪ್ರಕರಣದ ಎರಡನೆಯ ಅರ್ಧ ಇಲ್ಲಿ ಪ್ರಸ್ತುತವಾಗುತ್ತದೆ. ಕಲ್ಯಾಣದ ಟೈರ್ ದಾರದ ಕಾರ್ಖಾನೆಯೊಂದರಲ್ಲಿ ಐದು ವರ್ಷದ ಕರಾರಿನ ಮೇಲೆ ಸೇರಿ, ವಿದೇಶದಿಂದ ಬಂದ ತಂತ್ರದ ಗುಟ್ಟುಗಳನ್ನು ಕಲಿತು, ಮಧ್ಯದಲ್ಲಿಯೇ ಕೋಟಾದ ಪ್ರತಿಸ್ಪರ್ಧಿ ಕಾರ್ಖಾನೆಗೆ ಹೋದ ಮೇಲ್ವಿಚಾರಕನನ್ನು 1967ರಲ್ಲಿ ಸುಪ್ರೀಂ ಕೋರ್ಟು ಆ ಐದು ವರ್ಷ ತುಂಬುವ ತನಕ ತಡೆಯಿತು. ಕರಾರಿನ ಅವಧಿಯೊಳಗಿನ ತಡೆಯದು. ಕೆಲಸ ಮುಗಿದ ಮೇಲೆಯೂ ಇಂಥ ಕಡೆ ದುಡಿಯಕೂಡದೆಂಬ ನಿರ್ಬಂಧಕ್ಕೆ ಕರಾರು ಕಾಯಿದೆಯ 27ನೆಯ ಕಲಮು ಅಡ್ಡ ಬರುತ್ತದೆ. ಒಬ್ಬನ ಕಸಬಿಗೆ ತಡೆಯೊಡ್ಡುವ ಒಪ್ಪಂದ ಅಷ್ಟರಮಟ್ಟಿಗೆ ಅನೂರ್ಜಿತ. ಆದರೆ ಹಳೆಯ ಕಂಪನಿಯ ಗುಟ್ಟುಗಳನ್ನು ಹೊಸ ಕಡೆಗೆ ಹೊತ್ತೊಯ್ಯುವ ಸ್ವಾತಂತ್ರ್ಯ ಯಾರಿಗೂ ಇಲ್ಲ.

ಸರ್ಕಾರಿ ನೌಕರಿಯ ಮಾತೇ ಬೇರೆ

ಸರ್ಕಾರಿ ನೌಕರನ ರಾಜೀನಾಮೆ ಅಂಗೀಕಾರವಾಗುವ ತನಕ ಊರ್ಜಿತವಲ್ಲ. ಆಪಾದನೆಯಿದ್ದರೆ ಸರ್ಕಾರ ಅದನ್ನು ಅಂಗೀಕರಿಸದೆ ಇರಬಹುದು. ಕೇಂದ್ರ ಸರ್ಕಾರದ ಪಿಂಚಣಿ ನಿಯಮಗಳಲ್ಲಿ ರಾಜೀನಾಮೆ ಕೊಟ್ಟವನ ಹಿಂದಿನ ಸೇವೆಯೇ ಸಾಮಾನ್ಯವಾಗಿ ಲೆಕ್ಕಕ್ಕಿಲ್ಲದೆ ಹೋಗುತ್ತದೆ. ಸ್ವಯಂ ನಿವೃತ್ತಿಗೂ ರಾಜೀನಾಮೆಗೂ ಇರುವ ಈ ಅಂತರವನ್ನು ಅರಿಯದೆ, ಕೋಪದ ಗಳಿಗೆಯಲ್ಲಿ ಬರೆದ ಎರಡು ಸಾಲು ಸಂಸಾರದ ಮುಪ್ಪಿನ ಆಸರೆಯನ್ನೇ ಕಿತ್ತುಕೊಂಡೀತು.

ಕೊಟ್ಟ ರಾಜೀನಾಮೆಯನ್ನು ಹಿಂತೆಗೆದುಕೊಳ್ಳಬಹುದೇ? ಅಲಹಾಬಾದ್ ಹೈಕೋರ್ಟಿನ ನ್ಯಾಯಾಧೀಶ ಸತೀಶ್ ಚಂದ್ರ ಅವರು 1977ರ ಮೇ 7ರಂದು ರಾಷ್ಟ್ರಪತಿಗಳಿಗೆ ರಾಜೀನಾಮೆ ಬರೆದು, ಅದು ಆಗಸ್ಟ್ 1ರಿಂದ ಜಾರಿಗೆ ಬರತಕ್ಕದ್ದೆಂದು ಸೂಚಿಸಿದ್ದರು. ಜುಲೈ 15ರಂದು ಮನಸ್ಸು ಬದಲಿಸಿ ಅದನ್ನು ಹಿಂತೆಗೆದುಕೊಂಡರು. ಜಾರಿಗೆ ಬರುವ ದಿನಕ್ಕೆ ಮೊದಲು ಹಾಗೆ ಮಾಡಲು ಅವರಿಗೆ ಹಕ್ಕಿತ್ತೆಂದು ಸುಪ್ರೀಂ ಕೋರ್ಟು 1978ರಲ್ಲಿ ಬಹುಮತದಿಂದ ನಿರ್ಣಯಿಸಿತು. ಬೆಂಗಳೂರಿನ ಸಾರ್ವಜನಿಕ ಉದ್ಯಮವಾದ ಭಾರತ್ ಅರ್ತ್ ಮೂವರ್ಸ್‌ನ ಅಧಿಕಾರಿಯೊಬ್ಬರ ಪ್ರಕರಣದಲ್ಲಿ ಈ ತತ್ತ್ವ ಮತ್ತೆ ಬೆಳಕಿಗೆ ಬಂದಿತು. ಅವರು 1993ರ ಜನವರಿ 4ರಂದು ಕೊಟ್ಟ ರಾಜೀನಾಮೆ ಅಂದೇ ಅಂಗೀಕಾರವಾಗಿತ್ತು. ಆದರೆ ಅವರ ಬಿಡುಗಡೆ 15ರಂದು. ನಡುವೆ 8ರಂದು ಅವರು ಅದನ್ನು ಹಿಂತೆಗೆದುಕೊಂಡರು. ಬಿಡುಗಡೆಯ ದಿನದವರೆಗೂ ಸೇವೆಯಲ್ಲಿದ್ದುದರಿಂದ ಹಿಂತೆಗೆದುಕೊಂಡದ್ದು ಸರಿಯೆಂದು 2005ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು.

ಬಲವಂತದ ರಾಜೀನಾಮೆ

ಹೋಗುವವನನ್ನು ತಡೆಯುವುದು ಒಂದು ಬಗೆಯ ಅನ್ಯಾಯವಾದರೆ, ಇರುವವನಿಂದ ರಾಜೀನಾಮೆ ಬರೆಸಿಕೊಳ್ಳುವುದು ಅದಕ್ಕಿಂತ ಕ್ರೂರವಾದುದು. ಮುಚ್ಚಿದ ಕೋಣೆಗೆ ಕರೆದು, “ಈಗಲೇ ರುಜು ಹಾಕಿ, ಇಲ್ಲವಾದರೆ ನಿಮ್ಮ ಹೆಸರು ಕೆಡುತ್ತದೆ” ಎಂದು ಹೆದರಿಸಿ ಪಡೆದ ಕಾಗದಕ್ಕೆ ರಾಜೀನಾಮೆಯ ಯೋಗ್ಯತೆಯೇ ಇಲ್ಲ. ಸ್ವಂತ ಇಚ್ಛೆಯೇ ಅದರ ಪ್ರಾಣ. ಕಂಪನಿಗೆ ಜನ ಬೇಡವಾದರೆ ಕಾನೂನು ತೋರಿಸಿದ ದಾರಿಯಿದೆ. ಆ ದಾರಿಗೆ ಖರ್ಚು ತಗಲುತ್ತದೆಂಬ ಕಾರಣದಿಂದಲೇ ಅಡ್ಡದಾರಿಯ ಹುಡುಕಾಟ.

ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯ 39ನೆಯ ಕಲಮಿನ ಪ್ರಕಾರ, ಆರು ತಿಂಗಳು ನಿರಂತರವಾಗಿ ದುಡಿದ ನೌಕರನನ್ನು ಯುಕ್ತವಾದ ಕಾರಣವಿಲ್ಲದೆ, ಒಂದು ತಿಂಗಳ ನೋಟೀಸು ಅಥವಾ ಅದರ ಬದಲು ಸಂಬಳವಿಲ್ಲದೆ ತೆಗೆಯುವಂತಿಲ್ಲ. ದುರ್ನಡತೆಯ ಪ್ರಕರಣಗಳಿಗೂ, ಆಡಳಿತದ ಹುದ್ದೆಗಳಲ್ಲಿರುವವರಿಗೂ ಈ ರಕ್ಷಣೆ ಅನ್ವಯಿಸುವುದಿಲ್ಲ. ನೋಟೀಸು ಕೊಟ್ಟ ಮಾತ್ರಕ್ಕೆ ಎಲ್ಲವೂ ನ್ಯಾಯವಾಗುವುದಿಲ್ಲವೆಂಬುದನ್ನೂ ಸುಪ್ರೀಂ ಕೋರ್ಟು 1986ರಲ್ಲಿ ಕಲ್ಕತ್ತೆಯ ಸರ್ಕಾರಿ ಜಲಸಾರಿಗೆ ಕಂಪನಿಯ ಪ್ರಕರಣದಲ್ಲಿ ಎತ್ತಿಹಿಡಿಯಿತು. ಖಾಯಂ ನೌಕರನನ್ನು ಕಾರಣ ಹೇಳದೆ ಮೂರು ತಿಂಗಳ ನೋಟೀಸಿನಿಂದ ತೆಗೆಯಬಹುದೆಂಬ ನಿಯಮವನ್ನು ಅದು ಅನೂರ್ಜಿತಗೊಳಿಸಿತು. ಬಲವಂತನೂ ದುರ್ಬಲನೂ ಮಾಡಿಕೊಂಡ ಕರಾರಿನಲ್ಲಿ ದುರ್ಬಲನ ರುಜುವನ್ನು ಸಂಪೂರ್ಣವಾದ ಒಪ್ಪಿಗೆಯೆಂದು ಭಾವಿಸಲಾಗದೆಂಬುದೇ ಆ ತೀರ್ಪಿನ ಹೃದಯ.

ಬಿಡುವ ಮುನ್ನ

ಕೆಲಸ ಬಿಡಲು ನಿಶ್ಚಯಿಸಿದವನು ಮೊದಲು ನೇಮಕದ ಪತ್ರವನ್ನು ಹುಡುಕಿ ತೆಗೆದು ಓದಬೇಕು. ನೋಟೀಸು ಎಷ್ಟು ದಿನ, ಹಣ ಕೊಟ್ಟು ಬಿಡಿಸಿಕೊಳ್ಳುವ ಅವಕಾಶವಿದೆಯೇ, ಲೆಕ್ಕ ಮೂಲವೇತನದ್ದೇ ಒಟ್ಟು ಸಂಬಳದ್ದೇ ಎಂಬುದನ್ನು ಗುರುತಿಸಿಕೊಳ್ಳಬೇಕು. ಒಕ್ಕಣೆ ಜಟಿಲವಾಗಿದ್ದರೆ ವಕೀಲರೊಬ್ಬರಿಗೆ ತೋರಿಸುವುದು ಕ್ಷೇಮ. ರಾಜೀನಾಮೆಯಲ್ಲಿ ದೂರುಗಳ ಪಟ್ಟಿ ಬೇಡ; ದಿನಾಂಕ, ಕೊನೆಯ ದಿನ, ಕೆಲಸ ಒಪ್ಪಿಸಲು ಸಿದ್ಧನೆಂಬ ಮಾತು ಇಷ್ಟು ಸಾಕು. ಅದು ಬರೆಹದಲ್ಲಿರಬೇಕು, ಪ್ರತಿ ಮನೆಯಲ್ಲಿರಬೇಕು. ನೋಟೀಸಿನ ದಿನಗಳಲ್ಲಿ ಕೆಲಸವನ್ನು ಮೊದಲಿನಷ್ಟೇ ಶ್ರದ್ಧೆಯಿಂದ ಮಾಡಿ, ಒಪ್ಪಿಸಿದ ವಸ್ತುಗಳಿಗೆ ರಸೀದಿ ಪಡೆದವನನ್ನು ಹೆದರಿಸಲು ಯಾರಿಗೂ ಹೆಚ್ಚಿನ ಆಧಾರ ಉಳಿಯುವುದಿಲ್ಲ.

ತಾನಾಗಿಯೇ ಒಪ್ಪಿಕೊಂಡ ಹೊಣೆಯನ್ನು ತೀರಿಸಿ, ಕೊಡಬೇಕಾದುದನ್ನು ಕೊಟ್ಟು, ಬರಬೇಕಾದುದನ್ನು ಕೇಳಿ ಪಡೆದು ಹೊರಡುವವನು ಯಾರ ಕೃಪೆಯನ್ನೂ ಬೇಡಬೇಕಾಗಿಲ್ಲ. ಅಂಥವನ ಕಾಗದದ ಮೇಲೆ ಎಚ್.ಆರ್. ವಿಭಾಗದವರು ಹಾಕುವ ಮೊಹರು ಅದು ತಲಪಿತೆಂಬುದಕ್ಕೆ ಗುರುತು. ಹೋಗಲು ಕೊಟ್ಟ ಅಪ್ಪಣೆಯಲ್ಲ.